ಬೈಕು ಎಳೆದ ಉಣ್ಣೆಯ ಹಾಸು

ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಲು ರಾಯಚೂರು ಸೀಮೆಯ ಜಾಲಹಳ್ಳಿಯ ಹಂಪಮ್ಮ ಪ್ರತಿವರ್ಷ ಮಾನ್ವಿ ಕಡೆಗೆ ಬರುತ್ತಾಳೆ. ಈ ಸಲವೂ ಬಂದು, ಕುರಿಗಳ ಉಣ್ಣೆ ಕತ್ತರಿಸಿ, ಕಾಲುವೆ ಏರಿಯ ಜಾಲಿಯ ಕೆಳಗೆ ಸುರಿದು ಕೈ ಝಾಡಿಸಿಕೊಂಡಿದ್ದಳು. ಮೊದಲಾದರೆ ಉಣ್ಣೆ ಸೊಸೈಟಿಯವರು ಒಯ್ಯುತ್ತಿದ್ದರು. ಅದಕ್ಕೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು. ಈಗಿನ ವ್ಯಾಪಾರಿಗಳಿಗೆ ಮಾಂಸ ಬೇಕು. ಉಣ್ಣೆಯ ಮಾತೆತ್ತಿದರೆ ನಗುತ್ತಾರೆ.

ಹಾಗೆ ನಗುವವರಲ್ಲಿ ಮಾನ್ವಿಯ ಖಾಜಾಮಿಯಾನೂ ಒಬ್ಬ. ಅಂದು ಬೆಳಿಗ್ಗೆ ಅವನ ಬೈಕಿನ ಹಿಂದೆಯೇ ಒಂದು ಆಟೋ ಬಂತು. ರಾಯಚೂರಿನ ಕಾಲೇಜಿನಲ್ಲಿ ಪಾಠ ಹೇಳುವ ಅವನ ಮಗಳು ನಾಹಿದ್ ಇಳಿದಳು. ಜೊತೆಗೆ ಅಗಲ ಮುಖದ ಹೆಂಗಸೊಬ್ಬಳು.

"ಯವ್ವಾ, ಇವರು ಓಯುನ್ ಅಂತ, ಮಂಗೋಲಿಯಾ ದೇಶದವರು. ಇವರದೂ ಕುರಿ ಕಾಯೋ ಮನಿತನ. ನಮ್ಮ ಕಾಲೇಜಿಗೆ ಬಂದಿದ್ರು, ನಿಮ್ಮ ಕುರಿ ನೋಡತೀನಿ ಅಂದ್ರು, ಕರ್ಕೊಂಡು ಬಂದೆ."

ಓಯುನ್ ಸೀದಾ ಹೋಗಿ ಒಂದು ಕುರಿಯ ಹಲ್ಲು ನೋಡಿದಳು, ಬೆನ್ನು ಒತ್ತಿದಳು. ಹಂಪಮ್ಮನಿಗೆ ಅಷ್ಟೇ ಸಾಕಾಯಿತು, ಇವಳು ನಮ್ಮವಳು ಅನ್ನಿಸಿಬಿಟ್ಟಿತು. ಆದರೆ ಜಾಲಿಯ ಕೆಳಗಿನ ರಾಶಿ ಕಂಡದ್ದೇ ಓಯುನ್ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಯಾಕ ಚೆಲ್ಲೀರಿ ಅಂತ ಕೇಳಾಕತ್ತಾರ," ಎಂದಳು ನಾಹಿದ್.

"ಯಾರು ಒಯ್ತಾರವ್ವಾ? ಸೊಸೈಟಿ ಮುಚ್ಚೇತಿ."

ಓಯುನ್ ನೆಲದ ಮೇಲೆ ಕುಳಿತು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ನಾಹಿದ್ ಒಂದೊಂದೇ ಮಾತು ಕನ್ನಡಕ್ಕೆ ತಂದಳು. ಅವರಲ್ಲಿ ಮೊದಲು ಕುರಿಯೆಲ್ಲ ಸರ್ಕಾರದ ಸಂಘದ್ದಂತೆ. ಓಯುನ್ ಚಿಕ್ಕವಳಿದ್ದಾಗ ಸಂಘ ಮುರಿದು ಮನೆಮನೆಗೆ ಕುರಿ ಹಂಚಿದರಂತೆ. ಕುರಿ ಬಂದವು, ಉಣ್ಣೆ ಕೊಳ್ಳುವವರು ಬರಲಿಲ್ಲ. ಆಗ ಅವಳ ತಾಯಿ ಓಣಿಯ ಹೆಂಗಸರನ್ನು ಕೂಡಿಸಿ ಉಣ್ಣೆಯ ಹಾಸು ಮಾಡಲು ಕುಳಿತಳಂತೆ.

"ಈಗ ಅದು ದೇಶದ ಹೆಮ್ಮಿ ಅಂತ ಗಾಜಿನ ಪೆಟಿಗ್ಯಾಗ ಇಡ್ತಾರಂತ. ಆದ್ರ ಹಾಸು ಇರೋದು ಕುಂಡ್ರಾಕ ಅಂತಾರಿವ್ರು."

ಹಂಪಮ್ಮ ಗಹಗಹಿಸಿ ನಕ್ಕಳು. "ಖರೇ ಅದ! ಹಂಗಾದ್ರ ಕುಂಡ್ರೋಣು ತಗೋ. ಹೆಂಗ ಮಾಡೋದು ತೋರ್ಸು ಅನ್ನವ್ವಾ."

ಕೋಲಿನಿಂದ ಉಣ್ಣೆ ಬಡಿದು ಬಿಡಿಸಿದರು. ತಾಡಪಾಲಿನ ಮೇಲೆ ಹರವಿ ಬಿಸಿನೀರು ಚಿಮುಕಿಸಿದರು. ಓಯುನ್ ಒಳ್ಳೆಯದಾಗಲೆಂದು ಬೆರಳಿನಿಂದ ಅದರ ಮೇಲೆ ಹಾಲಿನ ಹನಿ ಎರಚಿದಳು. ಹಂಪಮ್ಮ ತನ್ನ ಚೀಲದಿಂದ ಚಿಟಿಕೆ ಅರಿಶಿಣದ ಭಂಡಾರ ತೆಗೆದು ತನ್ನ ಮನೆದೇವರು ಬೀರಪ್ಪನ ಹೆಸರಿನಲ್ಲಿ ತೂರಿದಳು. ಎಲ್ಲವನ್ನೂ ಗಳಕ್ಕೆ ಬಿಗಿಯಾಗಿ ಸುತ್ತಿ ಹಗ್ಗ ಕಟ್ಟಿದ ಮೇಲೆ ಓಯುನ್ ಅತ್ತಿತ್ತ ನೋಡಿದಳು.

"ಇದನ್ನ ಎಳಿಯಾಕ ಕುದುರಿ ಬೇಕಂತ," ಎಂದಳು ನಾಹಿದ್.

ಎಲ್ಲರೂ ಖಾಜಾಮಿಯಾನ ಬೈಕಿನ ಕಡೆ ತಿರುಗಿದರು.

"ಏ, ಅದು ಹೊಸಾದು!" ಎಂದ ಅವನು. ಆದರೆ ಮಗಳು ಆಗಲೇ ಹಗ್ಗ ಬಿಗಿಯುತ್ತಿದ್ದಳು.

ಬೈಕು ಗದ್ದೆಯಲ್ಲಿ ಮೆಲ್ಲಗೆ ಹೊರಟಿತು. ಉಣ್ಣೆಯ ಸುರುಳಿ ಉರುಳಿತು. ಓಯುನ್ ತನ್ನ ಭಾಷೆಯಲ್ಲಿ ಕುದುರೆಗೆ ಕೂಗುವಂತೆ ಬೈಕಿಗೆ ಕೂಗಿದಳು. ಹಂಪಮ್ಮ ಪಕ್ಕದಲ್ಲೇ ಓಡಿದಳು. ಒಡತಿ ಓಡಿದ್ದು ಕಂಡು ಇಡೀ ಹಿಂಡು ಬೆನ್ನು ಹತ್ತಿತು! ಆಚೆ ಹೊಲದ ಹೆಂಗಸರು ಕೆಲಸ ಬಿಟ್ಟು ಬಂದು ಬದುವಿನ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ಖಾಜಾಮಿಯಾ ಬೇಡವೆಂದವನು ಈಗ ನಿಲ್ಲಿಸಲೊಲ್ಲ.

ಬಿಚ್ಚಿದಾಗ ಉಣ್ಣೆ ಒಂದಕ್ಕೊಂದು ಬೆಸೆದು, ದಪ್ಪನೆಯ ಕರಿ ಹಾಸಾಗಿತ್ತು. ಖಾಜಾಮಿಯಾ ಅದರ ಮೇಲೆ ಕೈಯಾಡಿಸಿದ.

"ನಮ್ಮ ದಾದಾ, ಅಪ್ಪನ ಅಪ್ಪ, ಕುದುರಿ ಬೆನ್ನಿಗೆ ಹಿಂಥಾದ್ದೇ ಮಾಡ್ತಿದ್ದ, ಹಂಪಕ್ಕಾ. ಕಾಲಿಲೇ ತುಳದು ತುಳದು. ಮರ್ತೇ ಬಿಟ್ಟಿದ್ದೆ ನೋಡು."

ಮುಂದಿನ ಸಲ ಕತ್ತರಿಸಿದ ಉಣ್ಣೆ ಜಾಲಿಯ ಕೆಳಗೆ ಬೀಳಲಿಲ್ಲ. ಜಾಲಹಳ್ಳಿಯಲ್ಲಿ ಹಂಪಮ್ಮನ ಅಂಗಳಕ್ಕೆ ಓಣಿಯ ಹೆಂಗಸರು ಬಂದರು. ಮಾಡಿದ ಹಾಸುಗಳನ್ನು ಖಾಜಾಮಿಯಾ ರಾಯಚೂರಿಗೆ ಒಯ್ದು ಮಾರಿಸಿಕೊಟ್ಟ.

ಮೊನ್ನೆ ನಾಹಿದ್ ತನ್ನ ದೇಶಕ್ಕೆ ಮರಳಿದ್ದ ಓಯುನ್‌ಳನ್ನು ಫೋನಿನಲ್ಲಿ ತೋರಿಸಿದಳು. ಅವಳ ಹಿಂದೆ ಎಲ್ಲಿ ನೋಡಿದರೂ ಹಿಮ, ಹಿಮದಲ್ಲಿ ಕುರಿ.

"ಯವ್ವಾ! ಅಷ್ಟು ಥಂಡ್ಯಾಗ ಮೇವು ಎಲ್ಲಿ ಸಿಗತೈತಿ?" ಹಂಪಮ್ಮ ಫೋನು ಕಸಿದುಕೊಂಡಳು. "ಇಲ್ಲಿಗೇ ಹೊಡ್ಕೊಂಡು ಬಾ ಅನ್ನು. ಮಾನ್ವ್ಯಾಗ ಗದ್ದಿ ಭಾಳ ಅದಾವ!"