ಎರಡಡಿ ನಾಲ್ಕಿಂಚು

ಕ್ಯಾಮೆರಾ ಯಾಕೆ ಇಷ್ಟು ಕೆಳಗಿದೆ ಎಂದು ಯಾರಾದರೂ ಕೇಳಿಬಿಟ್ಟರೆ? ಪ್ರಣಿತಾ ಈ ಪ್ರಶ್ನೆಯನ್ನು ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಉತ್ತರದ ಜಾಗ ಖಾಲಿ ಬಿಟ್ಟಿದ್ದಳು. ನಿಜ ಹೇಳಲು ನಾಚಿಕೆ. ಅವ್ವ ಕೌಸಲ್ಯಾಬಾಯಿ ನೆಲಕ್ಕೆ ಕುಳಿತು ಅಕ್ಕಿ ಆರಿಸುವಾಗ ಇವಳು ಟೇಪು ಹಿಡಿದು ನೆಲದಿಂದ ಅವಳ ಕಣ್ಣಿನವರೆಗೆ ಅಳೆದಿದ್ದಳು. ಎರಡಡಿ ನಾಲ್ಕಿಂಚು. "ನನಗ ಜಂಪರ್ ಹೊಲಸ್ತಿ ಏನ?" ಎಂದು ಅವ್ವ ನಕ್ಕಿದ್ದಳು.

ಅವ್ವ ಹತ್ತೊಂಬತ್ತು ವರ್ಷ ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ಸಾಣಿಗೆ ಹಿಡಿದು ತೊಗರಿ ಹಸನು ಮಾಡಿದವಳು. ಈಗ ಭಾಲ್ಕಿಯ ಸತೀಶಕುಮಾರ ಅದೇ ಗಂಜಿನ ಹಮಾಲನೊಬ್ಬನ ಮೇಲೆ ಸಿನಿಮಾ ಮಾಡಲು ಹೊರಟಿದ್ದ. ಶೂಟಿಂಗಿಗೆ ಮೊದಲೇ ಇಡೀ ಸಿನಿಮಾವನ್ನು ಕಂಪ್ಯೂಟರಿನೊಳಗೆ ಗೊಂಬೆಗಳಿಂದ ಆಡಿಸಿ, ಕ್ಯಾಮೆರಾ ಎಲ್ಲಿಡಬೇಕೆಂದು ಗೊತ್ತುಮಾಡುವ ಪ್ರೀವಿಜ್ ಕೆಲಸ ಪ್ರಣಿತಾಳದು. ಕೊಳಾರದ ಒಂದು ತಗಡಿನ ಶೆಡ್ಡಿನಲ್ಲಿ ಮೂರು ತಿಂಗಳು ಕುಳಿತು ಅವಳು ಗಂಜನ್ನು ಕಟ್ಟಿದ್ದಳು. ದಲಾಲರ ಅಡತಿ ಅಂಗಡಿಗಳು, ಕೈಗಾಡಿಗಳು, ತೊಗರಿ ರಾಶಿ, ರಾಶಿಯ ಸುತ್ತ ಹದಿನಾಲ್ಕು ಹೆಂಗಸರು. ಹಸಿರು ಸೀರೆಯವಳು ಎಡಗಾಲು ಚಾಚಿ ಕುಳಿತಿದ್ದಳು. ಅವ್ವನಿಗೆ ಆ ಮೊಣಕಾಲು ಮಡಚಲು ಬಾರದು.

ಆವತ್ತು ಬೆಳಿಗ್ಗೆ ದುಡ್ಡು ಹಾಕುವ ಶಿವರಾಜಪ್ಪನವರು ಔರಾದದಿಂದ ನೋಡಲು ಬಂದರು. ಅವರೂ ಗಂಜಿನ ಹಳೇ ಅಡತಿಯವರೇ. ಸತೀಶಕುಮಾರ ಟಿವಿ ಹಚ್ಚಿದ.

ಪ್ರಣಿತಾಳ ಕಿವಿ ಕಾದವು. ಅವಳು ಕೆಳಗಿಟ್ಟಿದ್ದ ಕ್ಯಾಮೆರಾ ಹದ್ದಿನ ಹಾಗೆ ಮೇಲಿತ್ತು. ಹದಿನಾಲ್ಕು ಹೆಂಗಸರಲ್ಲಿ ಒಬ್ಬಳೂ ಇರಲಿಲ್ಲ. ಖಾಲಿ ಅಂಗಳದ ಹಳದಿ ರಾಶಿಯ ಮೇಲೆ ನಾಯಕ ಚಪ್ಪಲಿ ಕಾಲಲ್ಲಿ ನಿಧಾನಗತಿಯಲ್ಲಿ ಓಡುತ್ತಿದ್ದ. "ಈ ಮುದುಕ್ಯಾರು ಫ್ರೇಮ್ ಹೊಲಸ ಮಾಡ್ತಾರ" ಎಂದು ನಿನ್ನೆ ಸತೀಶಕುಮಾರ ಗೊಣಗಿದ್ದು ನೆನಪಾಯಿತು. ಅಳಿಸುವ ಒಂದು ಗುಂಡಿ ಒತ್ತಿದ್ದ, ಅಷ್ಟೇ.

"ನಿಂದರಸ್ರಿ, ನಿಂದರಸ್ರಿ!" ಶಿವರಾಜಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಹಮಾಲ ಕಾಳ ತುಳೀತಾನೇನ್ರಿ? ಬೆನ್ನ ಮ್ಯಾಲ ಕ್ವಿಂಟಲ್ ಚೀಲ ಇದ್ರೂ ಸುತ್ತ ಹಾಕಿ ಹೋಗ್ತಾನ. ಇದನ್ನ ತೋರಿಸಿದ್ರ ಔರಾದದಾಗ ನನಗ ಚಪ್ಪಲ್ ಬೀಳ್ತಾವ, ಖರೇ ಚಪ್ಪಲ್!"

ಸತೀಶಕುಮಾರ ಒಂದು ಕ್ಷಣವೂ ತಡವರಿಸಲಿಲ್ಲ. "ನಂದಲ್ರಿ ಸಾಹುಕಾರ್ರ, ಈ ಹುಡುಗಿ ಮಾಡ್ಯಾಳ. ಓದಿದವ್ರು ನೋಡ್ರಿ, ಕಂಪ್ಯೂಟರ್ ಬಿಟ್ಟು ಏನೂ ಗೊತ್ತಿಲ್ಲ. ಏನವ್ವಾ, ಒಮ್ಮಿಯರೆ ಗಂಜಿನಾಗ ಕಾಲಿಟ್ಟೀ ಏನ? ಸಾರಿ ಹೇಳು."

"ಹೋಗ್ಲಿ ಬಿಡ್ರಿ, ಸಣ್ಣಾಕಿ," ಎಂದರು ಶಿವರಾಜಪ್ಪ.

ಆ ಕನಿಕರಕ್ಕೆ ಅವಳ ಮೈ ಇನ್ನಷ್ಟು ಉರಿಯಿತು. ಬೇರೆ ದಿನವಾಗಿದ್ದರೆ ಸಾರಿ ಹೇಳಿ, ಮನೆಗೆ ಹೋಗಿ, ಹಾಳೆ ಹರಿಯುವಷ್ಟು ಪೆನ್ನು ಒತ್ತಿ ಡೈರಿ ಬರೆಯುತ್ತಿದ್ದಳು. ಇವತ್ತು ಅವನ ಕೈಯಿಂದ ಮೌಸು ಕಿತ್ತುಕೊಂಡಳು. ತನ್ನ ಹಳೇ ಫೈಲು ತೆಗೆದಳು.

ಕ್ಯಾಮೆರಾ ನೆಲದ ಹತ್ತಿರ ಇಳಿಯಿತು. ಸಾಣಿಗೆಗಳು ಅಲ್ಲಾಡಿದವು. ಚೀಲ ಹೊತ್ತ ಹಮಾಲನ ಎರಡು ಕಾಲು ಬಂದು, ಹೆಂಗಸರ ಹಿಂದೆ ರಾಶಿಯನ್ನು ಬಳಸಿ ಹೋದವು.

"ಹಾಂ! ಇದು ನೋಡ್ರಿ ಗಂಜ್ ಅಂದ್ರ," ಎಂದರು ಶಿವರಾಜಪ್ಪ. ಆಮೇಲೆ ಕಣ್ಣು ಕಿರಿದು ಮಾಡಿ, "ಆದ್ರ ತಂಗಿ, ಕ್ಯಾಮೆರಾ ಯಾಕ ಇಷ್ಟು ಕೆಳಗದ?"

"ಅದೇ ತಪ್ಪನ್ನ ನಾ ತಿದ್ದಿದ್ದು," ಎಂದ ಸತೀಶಕುಮಾರ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಪ್ರಣಿತಾ ಎದ್ದು ನಿಂತಳು. ಮಾತು ಶೆಡ್ಡಿನ ತಗಡಿಗೆ ತಾಗುವಷ್ಟು ಜೋರಾಗಿ ಬಂತು.

"ತಪ್ಪಲ್ರಿ. ಅದು ನಮ್ಮವ್ವ ಗಂಜಿನಾಗ ಕುಂತಾಗಿನ ಕಣ್ಣಿನ ಎತ್ತರ. ನಿನ್ನಿ ಇವ್ರು ಅಕೀನ್ನ ಅಳಿಸ್ಯಾರ."