ಆಣೆ ಕೇಳದವರು

ನಮ್ಮ ಮನೆಯಲ್ಲಿ ಏನಾದರೂ ಕಾಣೆಯಾದರೆ ಮೊದಲು ಹುಡುಕುವುದಿಲ್ಲ. ಯಾರು ತೆಗೆದರು ಎಂದು ಕೇಳುತ್ತೇವೆ. ಆಮೇಲೆ ಹಿತ್ತಲಿನ ಚೌಡಿ ದೇವತೆಯ ಕಲ್ಲಿನ ಮುಂದೆ ನಿಲ್ಲಿಸಿ ಆಣೆ ಹಾಕಿಸುತ್ತೇವೆ. ನನ್ನ ಅತ್ತೆ ದುಗ್ಗಮ್ಮನಿಗೆ ಈ ಕೆಲಸದಲ್ಲಿ ಪೊಲೀಸರಿಗಿಂತ ಹೆಚ್ಚು ಅನುಭವ. ತಲೆಯ ಮೇಲೆ ತಣ್ಣೀರು ಸುರಿಸಿಕೊಂಡು, ಒದ್ದೆ ಬಟ್ಟೆಯಲ್ಲೇ ಕಲ್ಲಿನ ಮೇಲೆ ಬಲಗೈ ಇಟ್ಟು "ನಾನು ಮುಟ್ಟಿಲ್ಲ" ಎನ್ನಬೇಕು. ನಾನು ಮದುವೆಯಾಗಿ ಮೇಳಿಗೆಗೆ ಬಂದ ಹೊಸದರಲ್ಲಿ ಒಂದು ಬೆಳ್ಳಿಯ ಕುಂಕುಮದ ಭರಣಿಗಾಗಿ ನಾನೂ ಹಾಗೆ ನಡುಗುತ್ತ ನಿಂತಿದ್ದೆ. ಭರಣಿ ಆಮೇಲೆ ಅತ್ತೆಯ ಟ್ರಂಕಿನಲ್ಲೇ ಸಿಕ್ಕಿತು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ನಮ್ಮದು ಶಾಮಿಯಾನದ ವ್ಯಾಪಾರ. ಕುರ್ಚಿ, ಪಾತ್ರೆ, ಪೈಪು, ಮೈಕು ಎಲ್ಲ ಬಾಡಿಗೆಗೆ ಕೊಡುತ್ತೇವೆ. ನನ್ನ ಗಂಡ ತೀರ್ಥೇಶ್ ಊರೂರಿಗೆ ಹೋಗಿ ಚಪ್ಪರ ಹಾಕಿಸುತ್ತಾರೆ, ಕೆಲಸದ ರಾಜು ಗಾಡಿ ಓಡಿಸುತ್ತಾನೆ, ನಾನು ಹರಿದ ಬಟ್ಟೆ ಹೊಲಿಯುತ್ತೇನೆ. ಮಗ ಅಶ್ವಿನ್ ತೀರ್ಥಹಳ್ಳಿಯಲ್ಲಿ ಎರಡನೇ ಪಿಯುಸಿ. ರಜೆಯಲ್ಲಿ ಅಪ್ಪನ ಜೊತೆ ಪೈಪು ಹೊರುತ್ತಾನೆ. ಈ ಸಲ ಗಣಪತಿ ಹಬ್ಬದ ಗದ್ದಲ ಮುಗಿಯುವಷ್ಟರಲ್ಲಿ ಹೊಸ ಆಂಪ್ಲಿಫೈಯರ್ ಕಾಣೆಯಾಯಿತು. ಮನೆಯಲ್ಲಿ ವಯಸ್ಸಿಗೆ ಬಂದ ಹುಡುಗ, ಕಾಲಲ್ಲಿ ಗೆಳೆಯನಿಂದ ಈಸಿಕೊಂಡ ಹೊಸ ಶೂ ಬೇರೆ. ಅನುಮಾನಕ್ಕೆ ಇನ್ನೇನು ಬೇಕು? ಕೆಲಸದವರ ಎದುರಿಗೇ ಅವನನ್ನು ಚೌಡಿ ಕಲ್ಲಿಗೆ ಕರೆದುಕೊಂಡು ಹೋದರು. ಒದ್ದೆ ಅಂಗಿಯಲ್ಲಿ ನಿಂತು ಆಣೆ ಹಾಕಿದ. ಆದರೂ ಸಂಜೆಗೇ ತೀರ್ಥೇಶ್ ಗೋಡೌನಿಗೆ ಹೊಸ ಬೀಗ ತಂದರು.

ದೀಪಾವಳಿ ಕಳೆದ ಮೇಲೆ ಆಂಪ್ಲಿಫೈಯರ್ ಮಾಸ್ತಿಕಟ್ಟೆಯ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ಗೃಹಪ್ರವೇಶಕ್ಕೆ ಮೈಕು ಹಾಕಲು ಹೋದಾಗ ಅದನ್ನು ಅಲ್ಲೇ ಮರೆತು ಬಂದವರು ಸಾಕ್ಷಾತ್ ತೀರ್ಥೇಶ್. "ಸಿಕ್ತಂತೆ" ಎಂದರು, ಊಟಕ್ಕೆ ಕೂತರು. ನಾನೂ ಏನೂ ಆಗದವಳಂತೆ ಬಡಿಸಿದೆ. ಅಶ್ವಿನ್ ಅರ್ಧ ಊಟದಲ್ಲಿ ಎದ್ದು ಹೋದ.

ಧನುರ್ಮಾಸ ಬಂತು. ಮದುವೆಗಳಿಲ್ಲ, ಶಾಮಿಯಾನಕ್ಕೆ ಕೆಲಸವಿಲ್ಲ. ನಾನು ಜಗಲಿಯಲ್ಲಿ ಮಷಿನ್ ಇಟ್ಟುಕೊಂಡು ಕೆಂಪು ಬಿಳಿ ಪಟ್ಟೆಯ ಬಟ್ಟೆಗೆ ತೇಪೆ ಹಾಕುತ್ತಿದ್ದಾಗ ರಾಜು ಬಂದು ನಿಂತ. ಏನೋ ಹೇಳುವುದಿದೆ, ಆದರೆ ಹೇಳಲಾರ. ಒಂದು ಸಲ ಕೆಮ್ಮಿದ, ಒಂದು ಸಲ ತಲೆ ಕೆರೆದುಕೊಂಡ.

"ಚೈತ್ರಕ್ಕ, ಹೇಳ್ಬಾರ್ದು ಅಂದ್ಕಂಡಿದ್ದೆ. ನೀವೇ ನೋಡಿ," ಎಂದು ಫೋನು ಚಾಚಿದ.

ಯಾರದೋ ಹುಟ್ಟುಹಬ್ಬದ ವಿಡಿಯೋ. ಬೈಕಿನ ಸೀಟಿನ ಮೇಲೆ ಕೇಕು, ಸುತ್ತ ಹತ್ತಾರು ಹುಡುಗರು, ಎಲ್ಲರ ಕೈಯಲ್ಲೂ ಒಂದೇ ಬಗೆಯ ಸ್ಟೀಲ್ ಕಡಗ. ಬಿಳಿ ಅಂಗಿಯವನೊಬ್ಬ ಕತ್ತಿಯಿಂದ ಕೇಕು ಕತ್ತರಿಸುತ್ತಿದ್ದ. ಹಿಂದೆ ನನ್ನ ಮಗ ಬಾಯಿ ತುಂಬ ನಗುತ್ತ ನಿಂತಿದ್ದ. ಆ ನಗುವನ್ನು ಮನೆಯಲ್ಲಿ ಕಂಡು ಬಹಳ ಕಾಲವಾಗಿತ್ತು. ಮೊದಲು ಅದೇ ಕಣ್ಣಿಗೆ ಬಿದ್ದದ್ದು, ಆಮೇಲೆ ಕತ್ತಿ. ಅದರ ಹಿಡಿಗೆ ಕೆಂಪು ಬಿಳಿ ಬಟ್ಟೆ ಸುತ್ತಿ ಹೊಲಿದಿತ್ತು. ಆ ಹೊಲಿಗೆ ನನ್ನದು. ನಾವು ತೆಂಗಿನಕಾಯಿ ಕೆತ್ತುವ ಕತ್ತಿ ಅದು.

"ಬಿಳಿ ಅಂಗಿಯವ ಯಾರು?" ಎಂದೆ.

"ಕೃಷ್ಣಪ್ರಸಾದ್ ಅಂತ. ಕೆಪಿ ಅಂತಾರೆ. ತೀರ್ಥಳ್ಳೀಲಿ ಬೈಕು ತೊಳೆಯೋ ವಾಟರ್ ಸರ್ವಿಸ್ ಇಟ್ಕಂಡಿದಾನೆ. ಹುಡುಗ್ರೆಲ್ಲ ಅವನ ಹಿಂದೆ."

ಬಚ್ಚಲಿನ ಪಕ್ಕಕ್ಕೆ ಓಡಿ ನೋಡಿದೆ. ಕತ್ತಿ ತನ್ನ ಮೊಳೆಯಲ್ಲಿ ಸಾಧುವಿನಂತೆ ನೇತಾಡುತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ಹಿಡಿಯ ಬಟ್ಟೆಗೆ ಕೇಕಿನ ವಾಸನೆ.

ಅಂದಿನಿಂದ ನಾನು ನಾನಾಗಿ ಉಳಿಯಲಿಲ್ಲ. ಒಗೆಯುವ ಮೊದಲು ಅವನ ಅಂಗಿಗಳನ್ನು ಮೂಸಿ ನೋಡಿದೆ. ಶೂ ಅಲುಗಾಡಿಸಿದೆ. ಅವನು ಸ್ನಾನಕ್ಕೆ ಹೋದಾಗ ಫೋನಿನ ಮೇಲೆ ಬೆರಳಿಟ್ಟು, ಅದು ಬೀಗ ಹಾಕಿಕೊಂಡದ್ದು ಕಂಡು ಅದಕ್ಕೂ ಬೈದೆ. ಯಾಕೆ ಸೇರಿದ ಎಂದು ಯೋಚಿಸಿ ಯೋಚಿಸಿ ಸಿನಿಮಾಕ್ಕೆ ಬೈದೆ, ಮೊಬೈಲಿಗೆ ಬೈದೆ, ಕಾಲೇಜಿಗೆ ಬೈದೆ. ಅತ್ತೆಯನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದವಳು ಅತ್ತೆಗಿಂತ ಒಂದು ಕೈ ಮೇಲಾಗಿದ್ದೆ.

ಕೊನೆಗೆ ತಡೆಯಲಾರದೆ, ದಾರ ತರುವ ನೆಪದಲ್ಲಿ ತೀರ್ಥಹಳ್ಳಿಗೆ ಹೋಗಿ ಆ ವಾಟರ್ ಸರ್ವಿಸ್ ಹುಡುಕಿದೆ. ಬೈಕು ತೊಳೆಯುತ್ತಿದ್ದ ಹುಡುಗರು ನನ್ನನ್ನು ಕಂಡು ಪೈಪು ನಿಲ್ಲಿಸಿದರು. ಕೆಪಿ ತಾನೇ ಎದ್ದು ಬಂದು ಕುರ್ಚಿ ಒರೆಸಿ ಕೊಟ್ಟ. ಕುಂಕುಮ ಇಟ್ಟುಕೊಂಡ, ಇಸ್ತ್ರಿ ಮಾಡಿದ ಅಂಗಿಯ ಲಕ್ಷಣವಾದ ಹುಡುಗ. ಇಪ್ಪತ್ತೈದು ದಾಟಿರಬಹುದು.

"ಕೂತ್ಕಳಿ ಅಕ್ಕ. ಅಶ್ವಿನ್ ಅಮ್ಮ ಅಲ್ದಾ? ಮೂಗು ನೋಡಿದ್ರೇ ಗೊತ್ತಾಗುತ್ತೆ."

"ನನ್ನ ಮಗ ಇಲ್ಲಿ ಎಂತ ಮಾಡ್ತಾನೆ?"

"ಎಂತದೂ ಇಲ್ಲ. ಬರ್ತಾನೆ, ಕೂರ್ತಾನೆ, ನಾಲ್ಕು ಮಾತಾಡ್ತಾನೆ. ಇಲ್ಲಿ ಯಾರೂ ಅವನ್ನ ಬೈಯಲ್ಲ." ಒಬ್ಬ ಹುಡುಗನತ್ತ ತಿರುಗಿ, "ಊಟ ಆಯ್ತನಾ ನಿಂದು? ಹೋಗು, ಉಂಡ್ಕಂಡು ಬಾ" ಎಂದ. ಮತ್ತೆ ನನ್ನತ್ತ ತಿರುಗಿ ದನಿ ತಗ್ಗಿಸಿದ. "ಅವನ ಎಡಗೈ ಒಂದ್ಸಲ ಡಾಕ್ಟ್ರಿಗೆ ತೋರ್ಸಿ ಅಕ್ಕ. ಪೈಪ್ ಬಿದ್ದಿತ್ತಂತಲ್ಲ, ಇನ್ನೂ ನೋವಿದೆ. ನಿಮ್ಮ ಹತ್ರ ಹೇಳಿಲ್ಲ ಅನ್ಸುತ್ತೆ."

ನನಗೆ ಮೈಯೆಲ್ಲ ಉರಿಯಿತು. ನನ್ನ ಮಗನ ಕೈನೋವು ಇವನ ಬಾಯಿಂದ ಕೇಳಬೇಕಾಯಿತಲ್ಲ. ಬೈಯಲು ಬಂದವಳಿಗೆ ಬೈಯುವ ಮುಖವೂ ಉಳಿಯಲಿಲ್ಲ. ಆದರೆ ನನ್ನ ಕಣ್ಣು ಸುಮ್ಮನಿರುವ ಜಾತಿಯದಲ್ಲ. ಒಬ್ಬ ಹುಡುಗನ ಹುಬ್ಬಿನ ಮೇಲೆ ಹೊಲಿಗೆ, ಇನ್ನೊಬ್ಬನ ಮೊಣಕೈಗೆ ಬ್ಯಾಂಡೇಜು. ಕೆಪಿಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಏಟು ತಿಂದ ಗುರುತೆಲ್ಲ ಹುಡುಗರದು.

"ಭಾನುವಾರ ಸಾಗರದಲ್ಲಿ ಒಂದು ವಾಲಿಬಾಲ್ ಇದೆ. ಅಶ್ವಿನ್ನ ಕಳ್ಸಿ ಅಕ್ಕ, ಹುಡುಗ್ರು ಒಟ್ಟಿಗೆ ಹೋಗ್ತಾರೆ," ಎಂದು ಗೇಟಿನವರೆಗೆ ಬಂದು ಬೀಳ್ಕೊಟ್ಟ.

ಆ ವಾಲಿಬಾಲ್ ಏನೆಂದು ರಾಜುವಿನಿಂದ ತಿಳಿಯಿತು. ಹೊಸನಗರದ ಕೆಲವು ಹುಡುಗರು ಕೆಪಿಯ ಹುಟ್ಟುಹಬ್ಬದ ವಿಡಿಯೋ ನೋಡಿ ಏನೋ ಹಂಗಿಸಿ ಬರೆದಿದ್ದರಂತೆ. ಅವರ ತಂಡ ಸಾಗರಕ್ಕೆ ಆಡಲು ಬರುತ್ತದೆ. "ಅಲ್ಲೇ ಹಿಡಿದು ನೋಡ್ಕಳದು ಅಂತ ಮಾತಾಡ್ಕಂಡಿದಾರೆ ಚೈತ್ರಕ್ಕ. ಕೆಪಿ ಹೋಗಲ್ಲ. ಹುಡುಗ್ರನ್ನ ಮಾತ್ರ ಕಳಿಸ್ತಾನೆ. ಬರಿಗೈಲಿ ಹೋಗಲ್ಲ ಅವು."

ಬರಿಗೈಯಲ್ಲಿ ಹೋಗುವುದಿಲ್ಲ ಎಂದಾಗ ನನಗೆ ಕಂಡದ್ದು ಬಚ್ಚಲಿನ ಪಕ್ಕದ ಮೊಳೆ. ಒಂದು ಏಟು ಬಿದ್ದರೆ ಸಾಕು, ಹೊಡೆದವನಾದರೂ ಅಷ್ಟೇ, ಹೊಡೆಸಿಕೊಂಡವನಾದರೂ ಅಷ್ಟೇ, ನನ್ನ ಮಗ ನನಗೆ ಉಳಿಯುವುದಿಲ್ಲ. ಗಂಡನಿಗೆ ಎಲ್ಲ ಹೇಳಿದೆ. ಹೇಳುವಾಗ ಅತ್ತೆಯೂ ಬಂದು ಕೂತರು.

"ಪೊಲೀಸ್ರಿಗೆ ಹೇಳಾದಾ?" ಎಂದೆ.

"ಹೇಳಿದ್ರೆ ಮೊದ್ಲು ಇವನ ಹೆಸ್ರೇ ಬರೋದು," ಎಂದರು ತೀರ್ಥೇಶ್. ಆಮೇಲೆ ಅವರ ಅಮ್ಮನತ್ತ ತಿರುಗಿದರು. "ನಾಳೆ ಬೆಳಿಗ್ಗೆ ಕಲ್ಲಿನ ಹತ್ರ ಕರ್ಕಂಡು ಬರ್ತೀನಿ. ಆ ಗುಂಪಲ್ಲಿ ಇಲ್ಲ ಅಂತ ಆಣೆ ಹಾಕ್ಲಿ."

ಇದ್ದಾನೆಂದು ವಿಡಿಯೋದಲ್ಲೇ ಕಂಡಮೇಲೆ ಇಲ್ಲವೆಂದು ಆಣೆ ಹಾಕಿಸುವುದು ಯಾಕೆ ಎಂದು ನಾನಾದರೂ ಕೇಳಬೇಕಿತ್ತು. ಕೇಳಲಿಲ್ಲ. ಚೌಡಿಯ ಹೆದರಿಕೆಗಾದರೂ ನಿಂತಾನು ಎಂದು ನನಗೂ ಒಳಗೊಳಗೇ ಆಸೆ.

ಶನಿವಾರ ಬೆಳಿಗ್ಗೆ ಚಳಿಗೆ ಹುಲ್ಲೆಲ್ಲ ಒದ್ದೆಯಾಗಿತ್ತು. ಅತ್ತೆ ಕೊಡಪಾನ ಹಿಡಿದು ನಿಂತಿದ್ದರು. ಅಶ್ವಿನ್ ಬಂದ, ಕಲ್ಲನ್ನು ನೋಡಿದ, ನಮ್ಮ ಮೂವರನ್ನೂ ನೋಡಿದ.

"ತಲೆ ಬಗ್ಸು ಮಗ," ಎಂದರು ಅತ್ತೆ.

"ನೀರು ಹಾಕ್ಬೇಡಿ ಅಜ್ಜಿ. ನಾ ಆಣೆ ಹಾಕಲ್ಲ."

ತೀರ್ಥೇಶ್ ನನ್ನತ್ತ ತಿರುಗಿದರು. "ನೋಡಿದ್ಯಾ? ತಪ್ಪು ಇದ್ದಿದ್ಕೇ ಹಾಕಲ್ಲ ಅಂತಾನೆ."

"ಹೋದ್ಸಲ ಹಾಕಿದ್ನಲ್ಲ ಅಪ್ಪಯ್ಯ. ನಂಬಿದ್ರಾ? ಸಂಜೆಗೇ ಹೊಸ ಬೀಗ ತಂದ್ರಿ." ಅವನ ದನಿ ಏರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. "ಆವತ್ತು ಕೆಪಿ ಅಣ್ಣನೂ ಕೇಳಿದ, ನೀ ತಗಂಡ್ಯನಾ ಅಂತ. ಇಲ್ಲ ಅಂದೆ. ಆಯ್ತು ಬಿಡು ಅಂದ. ಅಷ್ಟೇ. ಮತ್ತೆ ಯಾವತ್ತೂ ಕೇಳ್ಲಿಲ್ಲ."

ಅವನು ಒಳಗೆ ಹೋದ. ಅತ್ತೆ ಕೊಡದ ನೀರನ್ನು ಏನು ಮಾಡುವುದೆಂದು ತಿಳಿಯದೆ ದಾಸವಾಳದ ಬುಡಕ್ಕೆ ಸುರಿದರು. ತೀರ್ಥೇಶ್ ಬೀಡಿ ಹಚ್ಚಿ ಗೋಡೌನಿನ ಕಡೆ ಹೋದರು. ನನಗೆ ಅಳು ಬಂತು. ಅವನು ಆ ಗುಂಪಿಗೆ ಯಾಕೆ ಸೇರಿದ ಎಂದು ಇಷ್ಟು ದಿನ ಅಂಗಿ ಮೂಸಿ, ಶೂ ಅಲುಗಾಡಿಸಿ ನಾನು ಹುಡುಕುತ್ತಿದ್ದ ಉತ್ತರ ಇಷ್ಟೇ. ಆಯ್ತು ಬಿಡು ಎಂಬ ಆ ಮಾತಿಗೆ ಖರ್ಚೇನೂ ಇರಲಿಲ್ಲ, ಆದರೂ ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಲೆಗೆ ಸೌದೆ ತರಲು ಹೋದಾಗ ಮೊಳೆ ಬರಿದಾಗಿತ್ತು.

ಸ್ವಲ್ಪ ಹೊತ್ತಿಗೆ ಅಶ್ವಿನ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಜಗಲಿಗೆ ಬಂದ. ಬ್ಯಾಗಿನ ಒಂದು ಮೂಲೆ ಉದ್ದಕ್ಕೆ ಚಾಚಿಕೊಂಡಿತ್ತು. ತೀರ್ಥೇಶ್ ಕುರ್ಚಿಯಿಂದ ಅರ್ಧ ಎದ್ದರು. ಗೋಡೌನಿಗೆ ದೂಡಿ ಬೀಗ ಹಾಕುವುದೆಂದು ರಾತ್ರಿಯೇ ನನ್ನ ಹತ್ತಿರ ಹೇಳಿದ್ದರು. ನಾನು ಕಣ್ಣಲ್ಲೇ ಕೂರಿಸಿದೆ. ಇವತ್ತು ಬೀಗ ಹಾಕಬಹುದು, ಮುಂದಿನ ಭಾನುವಾರ? ಅದರ ಮುಂದಿನದು?

"ಎಲ್ಲಿಗೆ ಮಗ?"

"ಸಾಗರಕ್ಕೆ. ವಾಲಿಬಾಲ್."

"ಬ್ಯಾಗಲ್ಲಿ ಎಂತ ಇದೆ?"

"ಬಟ್ಟೆ," ಎಂದ. ಎಂದವನೇ ಬ್ಯಾಗನ್ನು ಹೆಗಲಿಂದ ಇಳಿಸಿ ನನ್ನ ಮುಂದೆ ಹಿಡಿದ. ಹೇಗೂ ಬಿಚ್ಚಿ ನೋಡುತ್ತೀಯಲ್ಲ, ನೋಡು ಎಂಬಂತಿತ್ತು ಅವನ ಮುಖ. ಹಿಡಿದದ್ದು ಬಲಗೈಯಲ್ಲಿ. ಎಡಗೈ ಹೆಬ್ಬೆರಳ ಬುಡದಲ್ಲಿ ಇನ್ನೂ ಊದಿಕೊಂಡಿತ್ತು.

ನನ್ನ ಕೈ ಜಿಪ್ಪಿನ ಹತ್ತಿರ ಹೋಯಿತು. ಸುಳ್ಳು ಹೇಳುವುದಿಲ್ಲ, ಹೋಯಿತು. ಅಲ್ಲಿಂದ ಹಿಂದೆ ತರುವುದು ಎಷ್ಟು ಕಷ್ಟವಾಯಿತೆಂದು ನನಗೊಬ್ಬಳಿಗೇ ಗೊತ್ತು.

"ಆಯ್ತು ಬಿಡು," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಬ್ಯಾಗು ಹಾಗೇ ಹಿಡಿದು ನಿಂತ.

"ನೀ ಹೇಳಿದ್ಯಲ್ಲ, ಬಟ್ಟೆ ಅಂತ. ಆಯ್ತು. ಆ ಆಂಪ್ಲಿಫೈಯರ್ ವಿಷಯದಲ್ಲಿ ನಂದೂ ತಪ್ಪು. ಆವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ನಾಳೆ ಕೈ ತೋರ್ಸಕ್ಕೆ ಹೋಗಣ, ನಾನೇ ಬರ್ತೀನಿ."

ಅವನು ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದ. ಗೇಟು ದಾಟಿ ತೀರ್ಥಹಳ್ಳಿ ಬಸ್ಸು ನಿಲ್ಲುವ ಕಡೆ ತಿರುಗಿದ. ಅಲ್ಲಿಂದ ಮುಂದೆ ಗೇರು ಮರ ಅಡ್ಡ, ಕಾಣುವುದಿಲ್ಲ.

"ಹುಚ್ಚಾ ನಿಂಗೆ? ಕತ್ತಿ ಇದೆ ಅದ್ರಲ್ಲಿ," ಎಂದರು ತೀರ್ಥೇಶ್.

"ಗೊತ್ತು," ಎಂದೆ.

ನಾನೇನು ದೊಡ್ಡ ಧೈರ್ಯವಂತೆಯಲ್ಲ. ಸೆರಗಿನೊಳಗೆ ಫೋನಿತ್ತು, ಅದರಲ್ಲಿ ಠಾಣೆಯ ನಂಬರ್ ಒತ್ತಿ ಇಟ್ಟುಕೊಂಡಿದ್ದೆ. ಬಸ್ಸು ಅವನನ್ನು ಹತ್ತಿಸಿಕೊಂಡು ಹೊರಟಿತೆಂದರೆ ಹೆತ್ತ ಮಗನ ಹೆಸರನ್ನು ನಾನೇ ಹೇಳುವುದೆಂದು ನಿರ್ಧರಿಸಿದ್ದೆ. ನಂಬುವುದೂ ಅನುಮಾನಿಸುವುದೂ ಒಂದೇ ಎದೆಯಲ್ಲಿ ಒಟ್ಟಿಗೆ ಕೂತಿದ್ದವು. ಅತ್ತೆ ಒಳಗೆ ದೇವರ ಮುಂದೆ ದೀಪ ಹಚ್ಚಿ ಏನೋ ಗೊಣಗುತ್ತಿದ್ದರು. ಬಸ್ಸಿನ ಸದ್ದಿಗೆ ಕಿವಿಗೊಟ್ಟು ನಾನು ಮಷಿನ್ನಿನ ಮುಂದೆ ಸುಮ್ಮನೆ ಕೂತೆ.

ಬಸ್ಸಿಗಿಂತ ಮೊದಲು ಹಿತ್ತಲಿನ ಬೇಲಿಯ ದಣಪೆ ಸರಿಸಿದ ಸದ್ದಾಯಿತು. ಯಾರೋ ಬಚ್ಚಲಿನ ಪಕ್ಕ ನಡೆದರು. ಮೊಳೆಗೆ ಕಬ್ಬಿಣ ತಗುಲಿದ ಸದ್ದು ಕೇಳಿತು. ಆ ಸದ್ದು ಎಂದಿನದೇ. ಆದರೆ ಹಾಗೆ ಅದನ್ನು ಉಸಿರು ಹಿಡಿದು ಕೇಳಿದ್ದು ಮೊದಲ ಸಲ. ತೀರ್ಥೇಶ್ ನನ್ನನ್ನು ನೋಡಿದರು. ನಾನು ಅವರನ್ನು ನೋಡಲಿಲ್ಲ.

ಅಶ್ವಿನ್ ಅಡುಗೆಮನೆ ದಾಟಿ ಜಗಲಿಗೆ ಬಂದ. ಬ್ಯಾಗು ಈಗ ಸೊರಗಿತ್ತು. ಜೇಬಿನಲ್ಲಿ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಕೆಪಿಯೇ ಇರಬೇಕು. ನಾಳೆ ಅವನು ನಮ್ಮ ಗೇಟಿನ ಮುಂದೆ ಬಂದರೂ ಬಂದಾನು. ಬರಲಿ, ಕುರ್ಚಿ ನಮ್ಮಲ್ಲೂ ಬೇಕಾದಷ್ಟಿವೆ.

"ಬಸ್ ತಪ್ಪೋಯ್ತು ಅಮ್ಮ," ಎಂದ ಅಶ್ವಿನ್, ನೆಲ ನೋಡುತ್ತ.

ಅದೇ ಹೊತ್ತಿಗೆ ತಿರುವಿನಲ್ಲಿ ಹಾರ್ನ್ ಕೇಳಿತು. ತೀರ್ಥಹಳ್ಳಿ ಬಸ್ಸು ಧೂಳೆಬ್ಬಿಸಿಕೊಂಡು ಬಂದು, ಜಗಲಿಯಲ್ಲಿ ಜನ ಕಂಡು ನಮ್ಮ ಗೇಟಿನ ಎದುರಿಗೇ ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಕಂಡಕ್ಟರ್ ನಮ್ಮ ಜಗಲಿಯ ಕಡೆ ಒಮ್ಮೆ ಬಗ್ಗಿ ನೋಡಿ ಸೀಟಿ ಊದಿದ. ನಾವು ಮೂವರೂ ಅದು ಹೋಗುವುದನ್ನು ನೋಡುತ್ತ ನಿಂತೆವು. ತೀರ್ಥೇಶ್ ಏನೋ ಹೇಳಲು ಬಾಯಿ ತೆರೆದರು. ನಾನು ಮಗನ ಮುಖ ನೋಡಿದೆ. ಕಿವಿಯವರೆಗೆ ಕೆಂಪಾಗಿತ್ತು.

ಗಂಡ ನನಗಿಂತ ಮೊದಲೇ ಮಾತಾಡಿಬಿಟ್ಟರು.

"ಆಯ್ತು ಬಿಡು ಮಗ," ಎಂದರು.