ಏಣಿ ಗುರುತಿನ ನಲವತ್ತು ಕುರಿ

ವನದುರ್ಗದ ಗುರುಲಿಂಗಮ್ಮನ ಕುರಿಗಳಿಗೆಲ್ಲ ಬೆನ್ನ ಮೇಲೆ ಕೆಮ್ಮಣ್ಣಿನ ಏಣಿ. ಉದ್ದಕ್ಕೆ ಎರಡು ಗೆರೆ, ಅಡ್ಡಕ್ಕೆ ಮೂರು. ಅವಳ ಅತ್ತೆಯ ಅತ್ತೆ ಎಳೆದ ಗುರುತದು. ನಿಜಾಮರ ರಾಜ್ಯ ಹೋಗಿ ಹೊಸ ಸರಕಾರ ಬಂದರೂ ಏಣಿ ಬದಲಾಗಿರಲಿಲ್ಲ. ಹಾಗಿರುವಾಗ ಮೊದಲ ಚುನಾವಣೆಗೆ ಶಹಾಪುರದ ಯಾರೋ ಒಬ್ಬರು ಏಣಿ ಗುರುತಿನಲ್ಲೇ ನಿಲ್ಲಬೇಕೆ?

ಓಟಿನ ದಿನ ಮಧ್ಯಾಹ್ನ ಕುರಿ ಹೊಡೆದುಕೊಂಡು ಬಾವಿಗೆ ಹೊರಟವಳನ್ನು ಓಟು ನಡೆದಿದ್ದ ಶಾಲೆಯ ಮುಂದೆ ಪೊಲೀಸಪ್ಪ ತಡೆದ. ನಿನ್ನೆ ಮಧ್ಯಾಹ್ನದಿಂದ ಕುರಿಗಳು ನೀರು ಕಂಡಿರಲಿಲ್ಲ. ಬೇರೆ ದಾರಿಯೂ ಇಲ್ಲ. ಒಂದು ಬದಿಗೆ ಕೋಟೆ ಗೋಡೆ, ಇನ್ನೊಂದು ಬದಿಗೆ ತೆನೆ ತುಂಬಿದ ಬಿಳಿಜೋಳ. ಅಷ್ಟರಲ್ಲಿ ತಕ್ಕಡಿ ಗುರುತಿನವರ ಏಜೆಂಟ ಪರಮಣ್ಣ ನೀರಿನ ತಂಬಿಗೆ ಹಿಡಿದೇ ಓಡಿಬಂದ.

“ನೋಡ್ರಿ ಸಾಹೇಬ್ರ! ನಲವತ್ತು ಏಣಿ! ಇಲ್ಲಿ ಪ್ರಚಾರ ಮಾಡಬಾರದಂತ ನೀವ ಹೇಳೀರಿ!”

ಯಾದಗಿರಿಯಿಂದ ಬಂದ ಅಧಿಕಾರಿ ಕನ್ನಡಕ ಒರೆಸಿ ಕುರಿಗಳನ್ನು ನೋಡಿದರು, ಕಾನೂನಿನ ಪುಸ್ತಕ ನೋಡಿದರು. ಪುಸ್ತಕದಲ್ಲಿ ಕುರಿಯ ಮಾತೇ ಇರಲಿಲ್ಲ.

“ನೂರು ಗಜದೊಳಗೆ ಗುರುತು ಕಾಣಬಾರದು ತಾಯಿ. ತೊಳೆದುಬಿಡಿ.”

“ಎಣ್ಣ್ಯಾಗ ಕಲಿಸಿ ಹಚ್ಚೇನ್ರಿ. ತುಪ್ಪಟ ಕತ್ತರಿಸೋತನಕ ಹೋಗಂಗಿಲ್ಲ.”

“ಹಂಗಾರ ಸಂಜಿತನಕ ತಡಿ,” ಎಂದ ಪರಮಣ್ಣ.

“ಕೈಯಾಗಿನ ತಂಬಿಗಿ ಕೆಳಗಿಟ್ಟು ಹೇಳೋ ಆ ಮಾತ!”

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಹಾಗೆಂದ ಗುರುಲಿಂಗಮ್ಮ ಮಾತ್ರ ನಗಲಿಲ್ಲ. ಮೊನ್ನೆ ಈದ ಕುರಿಯೊಂದು ದಾರಿಯಲ್ಲೇ ಕುಸಿದು ಕೂತಿತ್ತು. ಮರಿ ಬತ್ತಿದ ಕೆಚ್ಚಲಿಗೆ ಗುದ್ದುತ್ತಿತ್ತು.

“ನನ್ನ ಓಟು ಬೇಕಾರ ಬ್ಯಾಡ್ರಿ ಸಾಹೇಬ್ರ. ಇವಕ್ಕ ನೀರು ಕುಡಿಸಾಕ ಬಿಡ್ರಿ.”

ಸಾಲಿನಿಂದ ಮುದುಕಿ ಅನ್ವರಬಿ ಈಚೆ ಬಂದಳು. ಹೊದ್ದಿದ್ದ ಬಿಳಿ ಚಾದರ ತೆಗೆದು ಕೊಡವಿದಳು.

“ಕಾಣಬಾರದು, ಅಷ್ಟ ಹೌದಿಲ್ರಿ? ಹಿಡಿಯವ್ವ ಯಾರಾರ ಈ ತುದಿ.”

ತುದಿ ಹಿಡಿದವಳು ಯಂಕಮ್ಮ, ಪರಮಣ್ಣನ ಹೆಂಡತಿಯೇ. ಗುರುಲಿಂಗಮ್ಮನ ಹೆಗಲ ಕಂಬಳಿಯನ್ನು ಇನ್ನಿಬ್ಬರು ಬಿಚ್ಚಿ ಹಿಡಿದರು. ಮದುವೆಯ ಅಂತರಪಟದ ಹಾಗೆ ಶಾಲೆಗೂ ದಾರಿಗೂ ನಡುವೆ ಪರದೆ ಎದ್ದಿತು.

“ಹಿಡಿದವರಿಗೆ ಕಾಣ್ತದಲ್ರಿ ಸಾಹೇಬ್ರ!” ಎಂದ ಪರಮಣ್ಣ.

“ಕುರಿಗಳಿಗೆ ಬೆನ್ನು ಮಾಡಿ ನಿಲ್ಲಿರಮ್ಮ,” ಎಂದರು ಅಧಿಕಾರಿ, ನಗು ನುಂಗಿಕೊಂಡು.

“ಯಂಕಿ, ಕೈ ಬಿಡು!”

“ನಿಮ್ಮ ತಕ್ಕಡೀನ ಕಾಯಾಕತ್ತೇನ್ರಿ. ಏಣಿ ಕಾಣಬಾರದಂದವರು ನೀವಲ್ಲ?”

ಗುರುಲಿಂಗಮ್ಮ ಈದ ಕುರಿಯನ್ನು ಎಬ್ಬಿಸಿ, ಮರಿಯನ್ನು ಕಂಕುಳಲ್ಲಿಟ್ಟುಕೊಂಡು, ಹಿಂಡನ್ನು ಮುಂದೆ ಬಿಟ್ಟಳು. ನಡುವೆ ಟಗರೊಂದು ಚಾದರಕ್ಕೂ ಕಂಬಳಿಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಿ ಪರಮಣ್ಣನಿಗೆ “ಬ್ಯಾ” ಎಂದಿತು. ಅವನು ಬೆರಳು ಮಾಡುವ ಮೊದಲೇ ಅಧಿಕಾರಿ ಹೇಳಿದರು, “ತಲೆಯ ಮೇಲೆ ಏಣಿಯಿಲ್ಲ. ಅಡ್ಡಿಯಿಲ್ಲ.”

ಕುರಿಗಳು ಹೊಟ್ಟೆ ತುಂಬ ಕುಡಿದು ಬಾವಿಯ ಬೇವಿನ ನೆರಳಲ್ಲಿ ಮಲಗಿದವು. ಸಂಜೆಯವರೆಗೆ ಅಲ್ಲೇ ಇರಲೆಂದು ಬಿಟ್ಟು ಗುರುಲಿಂಗಮ್ಮ ಓಟಿಗೆ ಬಂದಳು. ಒಳಗೆ ಮರೆಯಲ್ಲಿ ಎರಡು ಪೆಟ್ಟಿಗೆ, ಒಂದರ ಮೇಲೆ ಏಣಿಯ ಚಿತ್ರ, ಇನ್ನೊಂದರ ಮೇಲೆ ತಕ್ಕಡಿಯದು. ಏಣಿ ನೋಡಿದೊಡನೆ ಮನೆಯ ಬಾಗಿಲು ಕಂಡಷ್ಟು ಖುಷಿಯಾಯಿತು. ಆದರೆ ತನ್ನ ಮನೆಗೆ ತಾನೇ ಓಟು ಹಾಕಿಕೊಳ್ಳುವುದು ಚೆಂದವೆ? ಗಂಡ ಗದರಿದರೂ ನಲವತ್ತು ಕುರಿ ದಾಟುವ ತನಕ ಚಾದರ ಬಿಡದ ಯಂಕಮ್ಮನ ಕೈ ನೆನಪಾಯಿತು. ಚೀಟಿಯನ್ನು ತಕ್ಕಡಿ ಪೆಟ್ಟಿಗೆಗೆ ಹಾಕಿದಳು.

ಹೊರಗೆ ಪರಮಣ್ಣ ಮುಖ ಗಂಟು ಹಾಕಿಕೊಂಡು ನಿಂತಿದ್ದ.

“ಏಣಿಗೇ ಹಾಕಿ ಬಂದಿ, ಹೌದಿಲ್ಲ ಗುರುಲಿಂಗಕ್ಕ?”

“ಹೇಳಬಾರದಂತ ಸಾಹೇಬ್ರು ಹೇಳ್ಯಾರಪ. ಮನಿಗಿ ಹೋದ ಕೂಡ್ಲೆ ಹೇಂತಿ ಕೈಗೆ ಒಂದೀಟು ಎಣ್ಣಿ ಹಚ್ಚು, ನಿನ್ನ ಪಾರ್ಟಿಗಿ ಭಾಳ ದುಡದಾಳ ಆಕಿ.”

ಪರಮಣ್ಣನಿಗೆ ಅದು ಚುಚ್ಚು ಮಾತಿನ ಹಾಗೆಯೇ ಕೇಳಿಸಿತು.